600 ಜಾಗಗಳ ಮುನ್ಸೂಚನೆಗೆ ಒಂದೇ ನ್ಯೂರಲ್ ನೆಟ್‌ವರ್ಕ್ ಸಾಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಸುಮಾರು 600 ಜಾಗಗಳ ವಿದ್ಯುತ್ ಬಳಕೆಯ ಡೇಟಾ ಇದೆ. ಗಂಟೆಗೊಂದು ರೀಡಿಂಗ್, ಎರಡು ವರ್ಷದ್ದು. ದಿನಾ ಒಂದು ಸಲ ಮುಂದಿನ 24 ಗಂಟೆಯ ಬಳಕೆ ಹೇಳಬೇಕು. ಜಾಗಕ್ಕೊಂದು ಎಲ್‌ಎಸ್‌ಟಿಎಂ (ಸಮಯದ ಸಾಲಿನಲ್ಲಿ ಬರುವ ಡೇಟಾಕ್ಕೆ ಬಳಸುವ ಒಂದು ಬಗೆಯ ನ್ಯೂರಲ್ ನೆಟ್‌ವರ್ಕ್) ಮಾಡಲೋ, ಎಲ್ಲಕ್ಕೂ ಸೇರಿಸಿ ಒಂದೇ ನೆಟ್‌ವರ್ಕ್ ಮಾಡಲೋ ಗೊತ್ತಾಗುತ್ತಿಲ್ಲ. ಕೆಲವು ಜಾಗಗಳಲ್ಲಿ ಎರಡೇ ತಿಂಗಳ ಡೇಟಾ ಇದೆ. ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ: ಒಂದೇ ಮಾಡಿ, ಇದರಲ್ಲಿ ನನಗೆ ಅನುಮಾನವೇ ಇಲ್ಲ. 600 ಮಾಡೆಲ್ ಕಟ್ಟುವುದು ಕಷ್ಟವಲ್ಲ, ಸಾಕುವುದು ಕಷ್ಟ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಒಂದು ಜಾಗದ ಎರಡು ವರ್ಷದಲ್ಲಿ ವರ್ಷಕ್ಕೊಮ್ಮೆ ಬರುವ ರಜೆ ಎರಡೇ ಸಲ ಬಂದಿರುತ್ತದೆ. ಅಷ್ಟರಲ್ಲಿ ನೆಟ್‌ವರ್ಕ್ ಏನು ಕಲಿತೀತು? ಎಲ್ಲಾ ಜಾಗಗಳನ್ನೂ ಒಟ್ಟಿಗೆ ಕೊಟ್ಟರೆ ಅದೇ ರಜೆಗೆ ಸಾವಿರಕ್ಕೂ ಜಾಸ್ತಿ ಉದಾಹರಣೆ ಸಿಗುತ್ತವೆ. ಎರಡು ತಿಂಗಳ ಜಾಗಕ್ಕೂ ಅದರ ಲಾಭ ಸಿಗುತ್ತದೆ. ಅಮೆಜಾನ್‌ನವರು 2017ರಲ್ಲಿ ಹೊರತಂದ ಡೀಪ್‌ಎಆರ್ ಅನ್ನುವ ಮುನ್ಸೂಚನೆ ಮಾಡೆಲ್ ನಿಂತಿರುವುದೇ ಇದರ ಮೇಲೆ: ಎಲ್ಲಾ ಸರಣಿಗೂ (ಇಲ್ಲಿ ಒಂದೊಂದು ಜಾಗದ ಡೇಟಾ ಒಂದೊಂದು ಸರಣಿ) ಒಂದೇ ನೆಟ್‌ವರ್ಕ್.

ಆದರೆ ಹಾಗೇ ಸುರಿದರೆ ಆಗಲ್ಲ. ಒಂದು ಜಾಗದ ಸರಾಸರಿ 5, ಇನ್ನೊಂದರದ್ದು 5,000 ಅಂದುಕೊಳ್ಳಿ. ಎರಡರಲ್ಲೂ ಶೇ. 10 ತಪ್ಪಾಯಿತು. ಮೊದಲನೆಯದರಲ್ಲಿ ತಪ್ಪು 0.5, ಎರಡನೆಯದರಲ್ಲಿ 500. ತರಬೇತಿಯಲ್ಲಿ ತಪ್ಪನ್ನು ಅಳೆಯುವ ಸೂತ್ರ, ಅಂದರೆ ಲಾಸ್ ಫಂಕ್ಷನ್, ಸಾಮಾನ್ಯವಾಗಿ ತಪ್ಪನ್ನು ವರ್ಗ ಮಾಡುತ್ತದೆ. ಆಗ 0.25 ಮತ್ತು 2,50,000. ಅಂದರೆ ದೊಡ್ಡ ಜಾಗದ ತಪ್ಪು ಹತ್ತು ಲಕ್ಷ ಪಟ್ಟು ಜಾಸ್ತಿ ಕೂಗುತ್ತದೆ, ಚಿಕ್ಕದರ ದನಿ ನೆಟ್‌ವರ್ಕಿಗೆ ಕೇಳಿಸುವುದೇ ಇಲ್ಲ. ಅದಕ್ಕೇ ಪ್ರತಿ ಜಾಗವನ್ನೂ ಅದರದ್ದೇ ಸರಾಸರಿಯಿಂದ ಭಾಗಿಸಿ ಕೊಡಿ, ಉತ್ತರ ಬಂದ ಮೇಲೆ ಅದರಿಂದಲೇ ಗುಣಿಸಿ. ಸರಾಸರಿ ಸೊನ್ನೆಯ ಹತ್ತಿರ ಇದ್ದರೆ ಭಾಗಾಕಾರ ಕೈಕೊಡುತ್ತದೆ, ಹಾಗಾಗಿ ಸರಾಸರಿಗೆ 1 ಸೇರಿಸಿಕೊಳ್ಳಿ. ಡೀಪ್‌ಎಆರ್‌ನಲ್ಲೂ ಹೀಗೇ ಇದೆ. ಮತ್ತೆ ಆ ಸರಾಸರಿ ಮುನ್ಸೂಚನೆ ಹೇಳುವ ಹೊತ್ತಿಗೆ ಕೈಯಲ್ಲಿರುವ ಡೇಟಾದಿಂದ ಮಾತ್ರ ಬರಬೇಕು. ಪೂರ್ತಿ ಎರಡು ವರ್ಷದ ಸರಾಸರಿ ತೆಗೆದರೆ ನಾಳೆಯ ಉತ್ತರ ಇವತ್ತೇ ಸ್ವಲ್ಪ ಸೋರಿಬಿಡುತ್ತದೆ.

ಹೀಗೆ ಮಾಡಿದ ಮೇಲೆ ಎಲ್ಲಾ ಜಾಗವೂ ಸಮ ಆಗುತ್ತವೆ. ನಿಮಗೆ ಒಟ್ಟು ಬಳಕೆ ಮುಖ್ಯವಾದರೆ ಅದೂ ಸರಿಯಲ್ಲ. ಆಗ ತರಬೇತಿಯಲ್ಲಿ ದೊಡ್ಡ ಜಾಗಗಳ ತುಣುಕುಗಳನ್ನು ಜಾಸ್ತಿ ಸಲ ಆರಿಸಿ. ಯಾರಿಗೆ ಎಷ್ಟು ತೂಕ ಅನ್ನುವುದನ್ನು ನೀವು ತೀರ್ಮಾನಿಸಿ, ಲಾಸ್ ಫಂಕ್ಷನ್ ಕೈಗೆ ಬಿಡಬೇಡಿ.

ಉತ್ತರ: ಮೇಲಿನವರ ಮಾತಿಗೆ ನನ್ನದೂ ಒಪ್ಪಿಗೆ. ಆದರೆ ಮಾಡೆಲ್ ಮುಟ್ಟುವ ಮೊದಲು ಸೊನ್ನೆಗಳನ್ನು ನೋಡಿ. ಮೀಟರ್ ಡೇಟಾದಲ್ಲಿ ಸೊನ್ನೆಗೆ ಎರಡು ಅರ್ಥ ಇರುತ್ತದೆ: ನಿಜಕ್ಕೂ ಬಳಕೆ ಇರಲಿಲ್ಲ, ಇಲ್ಲವೇ ರೀಡಿಂಗ್ ಬರಲೇ ಇಲ್ಲ. ಟ್ರಾಫಿಕ್ ಮುನ್ಸೂಚನೆಯಲ್ಲಿ ಎಲ್ಲರೂ ಬಳಸುವ ಲಾಸ್ ಏಂಜಲೀಸ್‌ನ 207 ಸೆನ್ಸರ್‌ಗಳ ಡೇಟಾದಲ್ಲೂ ಬಾರದ ರೀಡಿಂಗ್ ಸೊನ್ನೆಯಾಗಿ ಕೂತಿದೆ. ಅದಕ್ಕೇ ಅಲ್ಲಿ ಸೊನ್ನೆಗಳನ್ನು ಬಿಟ್ಟು ತಪ್ಪು ಲೆಕ್ಕ ಹಾಕುತ್ತಾರೆ. ನೀವೂ ಒಂದು ಮಾಸ್ಕ್ ಕಾಲಂ (ಯಾವ ಗಂಟೆಯ ರೀಡಿಂಗ್ ಬಂದಿಲ್ಲ ಅಂತ ಗುರುತು ಹಾಕುವ ಕಾಲಂ) ಇಡಿ, ಲಾಸ್‌ನಿಂದ ಆ ಗಂಟೆಗಳನ್ನು ತೆಗೆದುಹಾಕಿ. ನಮ್ಮಲ್ಲಿ ಕೆಲವು ಮೀಟರ್‌ಗಳು ಆರು ಗಂಟೆ ಸುಮ್ಮನಿದ್ದು, ಸಂಪರ್ಕ ಬಂದ ತಕ್ಷಣ ಅಷ್ಟೂ ಬಳಕೆಯನ್ನು ಒಂದೇ ಗಂಟೆಗೆ ಬರೆಯುತ್ತಿದ್ದವು. ಆರು ಸೊನ್ನೆ, ಆಮೇಲೆ ಒಂದು ಎತ್ತರದ ಕಂಬ. ಗ್ರಾಫ್ ಬಿಡಿಸಿ ಕಣ್ಣಲ್ಲಿ ನೋಡಿದರೆ ಥಟ್ಟನೆ ಗೊತ್ತಾಗುತ್ತದೆ, ಸರಾಸರಿ ನೋಡಿದರೆ ಗೊತ್ತಾಗುವುದೇ ಇಲ್ಲ. ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳ ಡೇಟಾ ಆದರೆ ವರ್ಷದಲ್ಲಿ ಒಂದು ದಿನಕ್ಕೆ 23 ಗಂಟೆ, ಇನ್ನೊಂದಕ್ಕೆ 25 ಗಂಟೆ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಉತ್ತರ: ನಾನು ಪರೀಕ್ಷೆ ಮಾಡುವ ರೀತಿಯ ಬಗ್ಗೆ ಹೇಳುತ್ತೇನೆ, ಜಾಸ್ತಿ ಜನ ಸಿಕ್ಕಿಬೀಳುವುದು ಅಲ್ಲೇ. ಸಾಲುಗಳನ್ನು ಕಲಸಿ ಶೇ. 20 ತೆಗೆದಿಡಬೇಡಿ. ಒಂದು ತಾರೀಖಿನವರೆಗೆ ಕಲಿಸಿ, ಮುಂದಿನ ತಿಂಗಳು ಪರೀಕ್ಷಿಸಿ, ಆ ತಾರೀಖನ್ನು ಮುಂದಕ್ಕೆ ಸರಿಸಿ ಮತ್ತೆ ಮಾಡಿ. ಬೇಸಿಗೆ, ಚಳಿ ಎರಡೂ ಬರಬೇಕು. 24 ಗಂಟೆ ಮುಂದಿನದ್ದು ಹೇಳುವಾಗ ಹಿಂದಿನ ಗಂಟೆಯ ಬಳಕೆ ನಿಮ್ಮ ಕೈಯಲ್ಲಿ ಇರುವುದಿಲ್ಲ ಅಲ್ವಾ? ಆದರೂ ಅದನ್ನು ಇನ್‌ಪುಟ್ ಆಗಿ ಕೊಟ್ಟು, ಅದ್ಭುತ ಫಲಿತಾಂಶ ಅಂತ ತೋರಿಸುವವರು ತುಂಬಾ ಜನ. 24 ಗಂಟೆ ಹಿಂದಿನದ್ದು, 168 ಗಂಟೆ (ಒಂದು ವಾರ) ಹಿಂದಿನದ್ದು ಕೊಡಿ, ಅವು ಯಾವಾಗಲೂ ಸಿಗುತ್ತವೆ. ಹವಾಮಾನದ್ದೂ ಇದೇ ಕಥೆ. ಕೆಲಸದ ದಿನ ನಿಮಗೆ ಸಿಗುವುದು ನಾಳೆಯ ತಾಪಮಾನದ ಅಂದಾಜು ಮಾತ್ರ. ಹಾಗಾಗಿ ಪರೀಕ್ಷೆಯಲ್ಲೂ ಆವತ್ತಿನ ಅಂದಾಜನ್ನೇ ಕೊಡಿ, ಆಮೇಲೆ ಅಳೆದ ತಾಪಮಾನವನ್ನಲ್ಲ.

ಕೇಳಿದವರು: ತುಂಬಾ ಉಪಯೋಗ ಆಯಿತು. ಇನ್ನೆರಡು ಪ್ರಶ್ನೆ. ಅಕ್ಕಪಕ್ಕದ ಜಾಗಗಳ ಸಂಬಂಧ ಹಿಡಿಯಲು ಗ್ರಾಫ್ ನೆಟ್‌ವರ್ಕ್ (ಜಾಗಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕಲಿಯುವ ನೆಟ್‌ವರ್ಕ್) ಬೇಕಾ? ನಾಳೆ ಹೊಸ ಜಾಗ ಸೇರಿದರೆ ಏನು ಮಾಡುವುದು?

ಉತ್ತರ: ಗ್ರಾಫ್ ನೆಟ್‌ವರ್ಕ್ ಮೊದಲೇ ಬೇಡ. ರಸ್ತೆಯಲ್ಲಿ ಅದು ಕೆಲಸ ಮಾಡುವುದಕ್ಕೆ ಕಾರಣ ಇದೆ: ಇಲ್ಲಿ ನಿಂತ ವಾಹನಗಳ ಸಾಲು ಸ್ವಲ್ಪ ಹೊತ್ತಿಗೆ ಹಿಂದಿನ ಸೆನ್ಸರ್‌ವರೆಗೂ ಬೆಳೆಯುತ್ತದೆ. ವಿದ್ಯುತ್ ಬಳಕೆ ಹಾಗೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹರಿಯುವುದಿಲ್ಲ. ಅಕ್ಕಪಕ್ಕದ ಜಾಗಗಳು ಒಂದೇ ರೀತಿ ಕಾಣುವುದು ಬಹುಪಾಲು ಒಂದೇ ಹವೆ, ಒಂದೇ ರಜೆ ಇರುವುದರಿಂದ, ಅವೆರಡನ್ನೂ ನೀವು ಹೇಗೂ ಕೊಡುತ್ತಿದ್ದೀರಿ. ಎಲ್ಲಾ ಕೊಟ್ಟ ಮೇಲೂ ಅಕ್ಕಪಕ್ಕದವುಗಳ ತಪ್ಪು ಒಟ್ಟಿಗೇ ಏರಿಳಿಯುತ್ತಿದ್ದರೆ ಆಗ ಗ್ರಾಫ್ ನೆಟ್‌ವರ್ಕ್ ಬಗ್ಗೆ ಯೋಚಿಸಿ.

ಹೊಸ ಜಾಗದ್ದು ನಿಜವಾದ ಸಮಸ್ಯೆ. ಪ್ರತಿ ಜಾಗಕ್ಕೂ ಒಂದು ಎಂಬೆಡಿಂಗ್ (ಆ ಜಾಗದ ಗುಣ ಹೇಳುವ ಸಂಖ್ಯೆಗಳ ಪಟ್ಟಿ) ಕಲಿಸಿದರೆ ಹಳೆಯ ಜಾಗಗಳಿಗೆ ಚೆನ್ನಾಗಿರುತ್ತದೆ, ಆದರೆ ಹೊಸದಕ್ಕೆ ಎಂಬೆಡಿಂಗೇ ಇರುವುದಿಲ್ಲ. ತರಬೇತಿಯಲ್ಲಿ ಆಗಾಗ ಜಾಗದ ಗುರುತನ್ನು ಅಳಿಸಿ 'ಗೊತ್ತಿಲ್ಲ' ಅನ್ನುವ ಒಂದು ಗುರುತು ಕೊಡಿ. ಆಗ ನೆಟ್‌ವರ್ಕ್ ಕಟ್ಟಡದ ಬಗೆ, ವಿಸ್ತೀರ್ಣ, ಕಳೆದ ವಾರದ ಆಕಾರ ಇಷ್ಟರಿಂದಲೇ ಹೇಳುವುದನ್ನೂ ಕಲಿಯುತ್ತದೆ. ಇದು ಗಿಟ್ಟಿತಾ ಅಂತ ನೋಡಲು 50 ಜಾಗಗಳನ್ನು ತರಬೇತಿಯಿಂದ ಪೂರ್ತಿ ಹೊರಗಿಟ್ಟು ಪರೀಕ್ಷಿಸಿ.

ಉತ್ತರ: ಎಲ್‌ಎಸ್‌ಟಿಎಂ ಒಂದಕ್ಕೇ ಅಂಟಿಕೊಳ್ಳಬೇಡಿ. 2020ರ ಎಂ5 ಅನ್ನುವ ಮುನ್ಸೂಚನೆ ಸ್ಪರ್ಧೆಯಲ್ಲಿ ವಾಲ್‌ಮಾರ್ಟ್‌ನ 10 ಮಳಿಗೆಗಳ ಮಾರಾಟದ 30,490 ಸರಣಿಗಳಿದ್ದವು, ಅಲ್ಲಿ ಮೇಲೆ ಬಂದವರಲ್ಲಿ ಹೆಚ್ಚಿನವರು ಬಳಸಿದ್ದು ಲೈಟ್‌ಜಿಬಿಎಂ, ಅದು ನ್ಯೂರಲ್ ನೆಟ್‌ವರ್ಕ್ ಅಲ್ಲ, ನಿರ್ಧಾರದ ಮರಗಳನ್ನು (ಡಿಸಿಷನ್ ಟ್ರೀ) ಸೇರಿಸಿ ಕಟ್ಟುವ ವಿಧಾನ. 2022ರಲ್ಲಿ ಒಂದು ಸರಳ ಲೀನಿಯರ್ ಮಾಡೆಲ್ ಆಗಿನ ಹಲವು ಟ್ರಾನ್ಸ್‌ಫಾರ್ಮರ್‌ಗಳನ್ನು (ವಿದ್ಯುತ್ತಿನದ್ದಲ್ಲ, ಆ ಹೆಸರಿನ ನ್ಯೂರಲ್ ನೆಟ್‌ವರ್ಕ್‌ಗಳು) ಹಿಂದಿಕ್ಕಿತು. ನೆಟ್‌ವರ್ಕ್ ಬೇಡ ಅಂತಲ್ಲ, ನಿಮ್ಮ ಸ್ಥಿತಿಯಲ್ಲಿ ನಾನೂ ಅದನ್ನೇ ಆರಿಸುತ್ತೇನೆ. ಆದರೆ ಪಕ್ಕದಲ್ಲಿ ಲೈಟ್‌ಜಿಬಿಎಂ ಒಂದು, 'ಕಳೆದ ವಾರ ಇದೇ ಗಂಟೆ ಎಷ್ಟಿತ್ತೋ ಅಷ್ಟೇ' ಅನ್ನುವ ಲೆಕ್ಕ ಒಂದು, ಎರಡೂ ಇರಲೇಬೇಕು.

ಹೋಲಿಸುವುದನ್ನು ಜಾಗಜಾಗಕ್ಕೂ ಮಾಡಿ. ಶೇಕಡಾವಾರು ತಪ್ಪು ಬೇಡ, ಬಳಕೆ ಸೊನ್ನೆಗೆ ಹತ್ತಿರವಾದ ಕಡೆ ಅದು ಹುಚ್ಚಾಪಟ್ಟೆ ಏರುತ್ತದೆ. ನೆಟ್‌ವರ್ಕಿನ ತಪ್ಪನ್ನು ಆ 'ಕಳೆದ ವಾರ' ಲೆಕ್ಕದ ತಪ್ಪಿನಿಂದ ಭಾಗಿಸಿ. 1ಕ್ಕಿಂತ ಕಡಿಮೆ ಬಂದರೆ ಲಾಭ. 600 ಜಾಗಗಳನ್ನೂ ಈ ಸಂಖ್ಯೆಯ ಪ್ರಕಾರ ಸಾಲಾಗಿ ಜೋಡಿಸಿ, ಕೊನೆಯ 30 ಜಾಗಗಳ ಗ್ರಾಫ್ ಒಂದೊಂದಾಗಿ ತೆರೆದು ನೋಡಿ. ಒಟ್ಟು ಸರಾಸರಿ 0.8 ಅಂತ ಖುಷಿಪಟ್ಟರೂ ಆ ಸಾಲಿನ ಬಾಲದಲ್ಲಿ 1.5, 2 ಇರುವ ಜಾಗ ಇರುತ್ತವೆ. ಮೀಟರ್ ಬದಲಾದದ್ದು, ಕಟ್ಟಡ ಖಾಲಿಯಾದದ್ದು, ಎರಡು ಜಾಗದ ಹೆಸರು ಅದಲುಬದಲಾದದ್ದು, ಎಲ್ಲಾ ಸಿಗುವುದು ಅಲ್ಲೇ. ಅವನ್ನು ಸರಿಮಾಡುವವರೆಗೂ ನೆಟ್‌ವರ್ಕಿಗೆ ಇನ್ನೊಂದು ಲೇಯರ್ ಸೇರಿಸಲು ಹೋಗಬೇಡಿ.