ಪದಚರ್ಚೆ: ಕ್ಲೌಡ್ ಪಾಠಕ್ಕೆ ‘ಟೆಂಪ್ಲೇಟ್’, ‘ಡಿಪ್ಲಾಯ್’, ಶನಿವಾರ ಸಂಜೆಯೊಳಗೆ ಬೇಕು

ಮಂಗಳೂರಿನಿಂದ, ಶುಕ್ರವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ಎರಡು ಪದ ಬೇಕು, ಸ್ವಲ್ಪ ಅವಸರ ಇದೆ.

ನಾನು ಡಿಪ್ಲೊಮಾ ಮಕ್ಕಳಿಗೆ ಕ್ಲೌಡ್ ಲ್ಯಾಬ್ ನಡೆಸುತ್ತೇನೆ. ಕ್ಲೌಡ್ ಎಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರುಗಳು. ಬೆಳ್ತಂಗಡಿ, ಸುಳ್ಯ, ಬಂಟ್ವಾಳ ಕಡೆಯಿಂದ ಬರುವವರೇ ಜಾಸ್ತಿ. ಹತ್ತನೆಯವರೆಗೆ ಕನ್ನಡದಲ್ಲೇ ಕಲಿತವರು. ಅವರಿಗಾಗಿ ಲ್ಯಾಬ್ ಪುಸ್ತಿಕೆಯನ್ನು ಕನ್ನಡದಲ್ಲಿ ಬರೆದಿದ್ದೇನೆ. ಶನಿವಾರ ಸಂಜೆ ಆರರೊಳಗೆ ಹಂಪನಕಟ್ಟೆಯ ಪ್ರೆಸ್ಸಿಗೆ ಕೊಟ್ಟರೆ ಸೋಮವಾರ ಮಕ್ಕಳ ಕೈಗೆ ಸಿಗುತ್ತದೆ.

ಪಾಠ ಇಷ್ಟು. ಸರ್ವರ್, ಡಿಸ್ಕ್, ನೆಟ್‌ವರ್ಕ್ ಎಲ್ಲವನ್ನೂ ವೆಬ್ ಪುಟದಲ್ಲಿ ಒಂದೊಂದೇ ಬಟನ್ ಒತ್ತಿ ಮಾಡುವುದಿಲ್ಲ. ಏನೇನು ಬೇಕು ಎಂದು ಒಂದು ಫೈಲಿನಲ್ಲಿ ಬರೆಯುತ್ತೇವೆ. ಆ ಫೈಲು ಟೆಂಪ್ಲೇಟ್. ಕಮಾಂಡ್ ಕೊಟ್ಟರೆ ಬರೆದದ್ದೆಲ್ಲ ಕ್ಲೌಡ್‌ನಲ್ಲಿ ಎದ್ದು ನಿಲ್ಲುತ್ತದೆ. ಅದು ಡಿಪ್ಲಾಯ್. ಇದನ್ನು ಮಾಡುವ ಸಲಕರಣೆಗಳಲ್ಲಿ ಅಮೆಜಾನಿನ ಕ್ಲೌಡ್‌ಫಾರ್ಮೇಶನ್ 2011ರಿಂದ ಇದೆ, ಟೆರಾಫಾರ್ಮ್ 2014ರಿಂದ. ನಮ್ಮ ಲ್ಯಾಬ್‌ನಲ್ಲಿರುವುದು ಓಪನ್‌ಟೋಫು. 2023ರಲ್ಲಿ ಟೆರಾಫಾರ್ಮ್‌ನ ಲೈಸೆನ್ಸ್ ಬದಲಾದಾಗ ಅದರಿಂದ ಒಡೆದ ಕವಲು ಅದು.

ಸದ್ಯಕ್ಕೆ ‘ಮಾದರಿ’ ಮತ್ತು ‘ನಿಯೋಜನೆ’ ಎಂದು ಹಾಕಿದ್ದೇನೆ. ಎರಡೂ ಮನಸ್ಸಿಗೆ ಒಪ್ಪುತ್ತಿಲ್ಲ. ಮಾದರಿ ಎಂದರೆ ಮಕ್ಕಳು ಈಗ ಎಐ ಮಾಡೆಲ್ ಎಂದೇ ತಿಳಿಯುತ್ತಾರೆ. ನಿಯೋಜನೆ ಯಾಕೆ ಬೇಡ ಎಂದು ಆಮೇಲೆ ಬರೆಯುತ್ತೇನೆ, ಲ್ಯಾಬಿಗೆ ಹೊತ್ತಾಯಿತು.

ಉಡುಪಿಯಿಂದ, ಶುಕ್ರವಾರ ಮಧ್ಯಾಹ್ನ

ಅಚ್ಚು. ಇದರಲ್ಲಿ ಕೇಳಲಿಕ್ಕೆ ಏನಿದೆ?

ಕನ್ನಡ, ತಮಿಳು, ತೆಲುಗು ಮೂರರಲ್ಲೂ ಇರುವ ಪದ. ಗಾಡಿಯ ಅಚ್ಚು ಬೇರೆ, ಅದು ಸಂಸ್ಕೃತದ ಅಕ್ಷದಿಂದ ಬಂದದ್ದು. ಎರಡನ್ನೂ ಬೆರೆಸಬೇಡಿ. ಅಚ್ಚಿನ ಋಣ ನಿಮ್ಮ ಊರಿಗೇ ಜಾಸ್ತಿ ಇದೆ. ಬಾಸೆಲ್ ಮಿಶನ್ನಿನವರು 1841ರಲ್ಲಿ ಅಚ್ಚುಕೂಟ ತೆರೆದದ್ದು ಮಂಗಳೂರಿನಲ್ಲಿ. 1843ರ ಜುಲೈ 1ಕ್ಕೆ ಮಂಗಳೂರ ಸಮಾಚಾರ ಹೊರಬಿದ್ದದ್ದು ಅಲ್ಲಿಂದ. 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾದದ್ದೂ ಮಂಗಳೂರಿನಲ್ಲೇ. ಮಂಗಳೂರು ಹಂಚನ್ನು ಅಚ್ಚಿನಲ್ಲಿ ಒತ್ತದೆ ಇನ್ನು ಹೇಗೆ ಮಾಡುತ್ತಾರೆ?

ಡಿಪ್ಲಾಯ್‌ಗೆ ‘ಹೂಡು’. ಬಿಡಾರ ಹೂಡು, ಬಾಣ ಹೂಡು, ಆಟ ಹೂಡು. ಹಳಗನ್ನಡದಲ್ಲಿ ಪೂಡು, ತಮಿಳಿನಲ್ಲಿ ಪೂಟ್ಟು. ಎತ್ತಿಗೆ ನೊಗ ಕಟ್ಟಿ ಕೆಲಸಕ್ಕೆ ಅಣಿ ಮಾಡುವುದು. ನಿಮ್ಮ ಸರ್ವರಿಗೂ ಇದೇ ತಾನೆ ಆಗಬೇಕಾದದ್ದು?

ಮಣಿಪಾಲದಿಂದ, ಶುಕ್ರವಾರ ಸಂಜೆ

ಟೆಂಪ್ಲೇಟ್, ಡಿಪ್ಲಾಯ್. ಹಾಗೇ ಬರೆಯಿರಿ, ಸಾಕು.

ನಾನು ದಿನಾ ಇದೇ ಕೆಲಸ ಮಾಡುವವನು. ಕನ್ನಡ ವಿಕಿಪೀಡಿಯದಲ್ಲೂ ‘ಟೆಂಪ್ಲೇಟು’ ಎಂದೇ ಇದೆ, ಯಾರಿಗೂ ತೊಂದರೆ ಆಗಿಲ್ಲ. ನಾಳೆ ಈ ಮಕ್ಕಳು ಸಂದರ್ಶನಕ್ಕೆ ಹೋಗಿ ‘ಅಚ್ಚು ಹೂಡಿದೆ’ ಎಂದರೆ ಎದುರು ಕೂತವರಿಗೆ ಏನು ಅರ್ಥವಾಗುತ್ತದೆ? ‘ಕ್ಲೌಡ್‌ನಲ್ಲಿ ಹೂಡಿಕೆ’ ಎಂದು ಓದಿದರೆ ನಾನು ಶೇರು ಪೇಟೆ ಎಂದುಕೊಳ್ಳುತ್ತೇನೆ. ಮೈಕ್ರೋಸಾಫ್ಟಿನ ಅಜೂರ್ ರಿಸೋರ್ಸ್ ಮ್ಯಾನೇಜರನ್ನು ಚಿಕ್ಕದಾಗಿ ಆರ್ಮ್ ಎನ್ನುತ್ತಾರೆ, ಅಂದರೆ ತೋಳು. ಅದರ ಟೆಂಪ್ಲೇಟ್ ಬರೆಯಲು ಆಮೇಲೆ ಬಂದ ಭಾಷೆಗೆ ಬೈಸೆಪ್ ಎಂದು ಹೆಸರಿಟ್ಟರು, ತೋಳಿನ ಸ್ನಾಯು. ಅದನ್ನೂ ಕನ್ನಡ ಮಾಡುತ್ತೀರಾ?

ಉಡುಪಿಯಿಂದ, ಶುಕ್ರವಾರ ಸಂಜೆ

ಬೈಸೆಪ್ ಅಂಕಿತನಾಮ. ಟೆಂಪ್ಲೇಟ್ ರೂಢನಾಮ. ಅಂಕಿತನಾಮವನ್ನು ಅನುವಾದ ಮಾಡಿ ಎಂದು ಇಲ್ಲಿ ಯಾರೂ ಹೇಳಿಲ್ಲ. ವಿಕಿಪೀಡಿಯದಲ್ಲಿದೆ ಎನ್ನುವುದು ವಾದವಲ್ಲ.

ಕುಂದಾಪುರದಿಂದ, ಶುಕ್ರವಾರ ರಾತ್ರಿ

ನಮೂನೆ ಆಗಬಹುದಾ? ನಾನು ಪಂಚಾಯಿತಿಯಲ್ಲಿ ಕೆಲಸ ಮಾಡಿದವಳು. ನಮೂನೆ 9, ನಮೂನೆ 11 ಎಂದರೆ ಮನೆ ಇದ್ದವರಿಗೆಲ್ಲ ಗೊತ್ತು. ಛಾಪಿಸಿದ ಭಾಗ ಎಲ್ಲರಿಗೂ ಒಂದೇ, ಖಾಲಿ ಜಾಗ ಅವರವರದು. ನಿಮ್ಮ ಫೈಲಿನಲ್ಲಿ ತುಂಬಬೇಕಾದ ಖಾಲಿ ಜಾಗ ಇದ್ದರೆ ಅದು ನಮೂನೆಯೇ ಅಲ್ವಾ?

ಉಡುಪಿಯಿಂದ, ಶುಕ್ರವಾರ ರಾತ್ರಿ

ನಮೂನೆ ಪಾರಸಿ. ಬೇಡ.

ಮಂಗಳೂರಿನಿಂದ, ಶನಿವಾರ ಬೆಳಗ್ಗೆ

ಎಲ್ಲರಿಗೂ ಒಟ್ಟಿಗೆ ಬರೆಯುತ್ತೇನೆ. ಮೊದಲು ನಿಯೋಜನೆಯ ಕತೆ.

ನಮ್ಮ ಓಪನ್‌ಟೋಫುವಿಗೆ ಮುಖ್ಯವಾದ ಮೂರು ಕಮಾಂಡ್ ಇವೆ: ಪ್ಲಾನ್, ಅಪ್ಲೈ, ಡಿಸ್ಟ್ರಾಯ್. ಪ್ಲಾನ್ ಕೊಟ್ಟರೆ ಏನೂ ಆಗುವುದಿಲ್ಲ. ಏನು ಆಗಲಿಕ್ಕಿದೆ ಎಂದು ತೋರಿಸುತ್ತದೆ, ಅಷ್ಟೇ. ಹೊಸದಕ್ಕೆ ಕೂಡು ಚಿಹ್ನೆ, ಹೋಗುವುದಕ್ಕೆ ಕಳೆ ಚಿಹ್ನೆ. ಕೊನೆಗೆ ಒಂದು ಸಾಲು: 2 ಸೇರಿಸಲಿಕ್ಕೆ, 0 ಬದಲಿಸಲಿಕ್ಕೆ, 0 ತೆಗೆಯಲಿಕ್ಕೆ. ಅಪ್ಲೈ ಕೊಟ್ಟರೆ ನಿಜವಾಗಿ ಆಗುತ್ತದೆ, ದುಡ್ಡಿನ ಲೆಕ್ಕವೂ ಶುರುವಾಗುತ್ತದೆ. ನಾನು ಡಿಪ್ಲಾಯ್ ಎಂದದ್ದು ಇದನ್ನೇ.

ಹೋದ ವರ್ಷದ ಪುಸ್ತಿಕೆಯಲ್ಲಿ ಪ್ಲಾನ್‌ಗೆ ‘ಯೋಜನೆ’, ಅಪ್ಲೈಗೆ ‘ನಿಯೋಜನೆ’ ಎಂದು ನಾನೇ ಹಾಕಿದ್ದೆ. ಆರನೇ ಪುಟದಲ್ಲಿ ಆ ಪದ ಸಾಲಿನ ಕೊನೆಗೆ ಬಂದು ಒಡೆಯಿತು. ‘ನಿ’ ಮೇಲಿನ ಸಾಲಿನಲ್ಲಿ, ‘ಯೋಜನೆ’ ಕೆಳಗಿನ ಸಾಲಿನಲ್ಲಿ. ಜೆರಾಕ್ಸ್ ಪ್ರತಿಯಲ್ಲಿ ಆ ‘ನಿ’ ಮಾಸಿಯೇ ಹೋಗಿತ್ತು. ಒಬ್ಬ ಹುಡುಗಿ ಅದನ್ನು ಬರೀ ನೋಡುವ ಹಂತ ಎಂದು ತಿಳಿದು ಕಮಾಂಡ್ ಕೊಟ್ಟಳು. ಅದು ಒಪ್ಪಿಗೆ ಕೇಳುತ್ತದೆ, ‘ಯೆಸ್’ ಎಂದು ಪೂರ್ತಿ ಟೈಪ್ ಮಾಡಬೇಕು. ಹಾಗೆ ಟೈಪ್ ಮಾಡಿ ಎಂದು ಪುಸ್ತಿಕೆಯೇ ಹೇಳಿತ್ತು. ಅವತ್ತು ಶುಕ್ರವಾರ. ಸೋಮವಾರ ಬೆಳಗ್ಗೆವರೆಗೆ ಆರು ಸರ್ವರ್ ಸುಮ್ನೆ ಓಡುತ್ತಿದ್ದವು. ಬಿಲ್ ₹4,000 ಚಿಲ್ಲರೆ. ಎಲ್ಲರ ಎದುರು ಬೈಸಿಕೊಂಡದ್ದು ಅವಳು. ತಪ್ಪು ನನ್ನ ಪದದ್ದು. ಒಂದೇ ಅಕ್ಷರದ ಅಂತರ ಇರುವ ಎರಡು ಪದವನ್ನು ಅಂಥ ಜಾಗದಲ್ಲಿ ಅಕ್ಕಪಕ್ಕ ಇಡಬಾರದಿತ್ತು.

ಹಾಗಾಗಿ ನನಗೆ ಪದದ ಕುಲಗೋತ್ರಕ್ಕಿಂತ ಮೊದಲು ಬೇಕಾದದ್ದು ಬೇರೆ. ಕೀಲಿಮಣೆ ಮೇಲೆ ಕೈ ಇಟ್ಟ ಮಗುವಿಗೆ ಒಂದು ಪದ ಇನ್ನೊಂದರ ಹಾಗೆ ಕಾಣಬಾರದು.

ಉಡುಪಿಯ ಮಾಷ್ಟ್ರೇ, ‘ಹೂಡು’ ತೆಗೆದುಕೊಂಡೆ. ‘ಕಟ್ಟು’ ಎಂದೂ ಯೋಚಿಸಿದ್ದೆ. ಯಕ್ಷಗಾನದವರು ರಂಗಸ್ಥಳ ಕಟ್ಟುತ್ತಾರೆ, ಬೆಳಗಾದರೆ ಬಿಚ್ಚುತ್ತಾರೆ, ಮರುದಿನ ಇನ್ನೊಂದು ಊರಿನ ಗದ್ದೆಯಲ್ಲಿ ಅದೇ ಅಳತೆಗೆ ಮತ್ತೆ ಕಟ್ಟುತ್ತಾರೆ. ನಮ್ಮ ಪಾಠವೂ ಅದೇ. ಆದರೆ ಪ್ರೋಗ್ರಾಮ್ ಬಿಲ್ಡ್ ಮಾಡುವುದಕ್ಕೆ ‘ಕಟ್ಟು’ ಎಂದು ಮೊದಲ ಅಧ್ಯಾಯದಲ್ಲೇ ಖರ್ಚು ಮಾಡಿಬಿಟ್ಟಿದ್ದೇನೆ. ಮಣಿಪಾಲದವರು ಹೇಳಿದ ಹೂಡಿಕೆಯ ತೊಡಕು ನಿಜ. ಅದಕ್ಕೆ ನಾಮಪದ ಎಲ್ಲೂ ಬಳಸುವುದಿಲ್ಲ, ಕ್ರಿಯಾಪದ ಮಾತ್ರ. ‘ಸರ್ವರ್ ಹೂಡಿ’ ಎಂದರೆ ಶೇರು ನೆನಪಾಗುವುದಿಲ್ಲ. ಡಿಸ್ಟ್ರಾಯ್‌ಗೆ ‘ಕೀಳು’. ಬಿಡಾರ ಹೂಡಿದವರು ಬಿಡಾರ ಕೀಳುತ್ತಾರೆ. ಪ್ಲಾನ್‌ಗೆ ‘ಮುನ್ನೋಟ’. ಮುನ್ನೋಟ, ಹೂಡು, ಕೀಳು. ಮೂರರ ಮೊದಲ ಅಕ್ಷರವೂ ಬೇರೆ ಬೇರೆ.

ಟೆಂಪ್ಲೇಟ್‌ಗೆ ‘ನಮೂನೆ’. ಕುಂದಾಪುರದ ಅಕ್ಕ ಹೇಳಿದ ಖಾಲಿ ಜಾಗವೇ ಕಾರಣ. ಒಂದೇ ಫೈಲು, ಅದರಲ್ಲಿ ಊರು, ಸಂಖ್ಯೆ, ಗಾತ್ರ ಖಾಲಿ. ಮುಂಬೈ ಎಂದು ತುಂಬಿದರೆ ಅಲ್ಲಿ ಏಳುತ್ತದೆ, ಹೈದರಾಬಾದ್ ಎಂದು ತುಂಬಿದರೆ ಹೈದರಾಬಾದಿನಲ್ಲಿ ಏಳುತ್ತದೆ. ಪರೀಕ್ಷೆಗೆ ಒಂದು ಚಿಕ್ಕ ಸರ್ವರ್, ನಿಜ ಬಳಕೆಗೆ ಮೂರು ದೊಡ್ಡವು. ಅಚ್ಚಿನಿಂದ ಹಾಗೆ ಬರುವುದಿಲ್ಲ, ಎಲ್ಲ ಹಂಚೂ ಒಂದೇ ಥರ ಇರುತ್ತದೆ.

ಪಾರಸಿ ಎಂಬ ಕಾರಣಕ್ಕೆ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ ಮಾಷ್ಟ್ರೇ. ಅರ್ಜಿ, ಜಿಲ್ಲೆ, ತಾಲೂಕು ಎಲ್ಲ ಆ ಕಡೆಯಿಂದಲೇ ಬಂದವು. ನಾವು ಕರಾವಳಿಯವರು ಪೋರ್ಚುಗೀಸರಿಂದ ಬಂದ ಬಟಾಟೆ ತಿಂದು, ಜನೆಲು ಹಾಕಿ, ಚಾವಿ ತಿರುಗಿಸಿ ಕೆಲಸಕ್ಕೆ ಹೊರಡುವವರು. ನಮ್ಮ ಅಜ್ಜಿಗೆ ಇವು ಹೊರಗಿನ ಪದ ಎಂದು ಅನಿಸಿದ್ದೇ ಇಲ್ಲ. ಹಾಗಾದರೆ ಟೆಂಪ್ಲೇಟ್ ಯಾಕೆ ಬೇಡ ಎಂದು ಮಣಿಪಾಲದವರು ಕೇಳುತ್ತಾರೆ, ಕೇಳಬೇಕಾದದ್ದೇ. ನಮೂನೆ ಎಂದರೆ ಮಗುವಿಗೆ ಈಗಲೇ ಒಂದು ಚಿತ್ರ ಬರುತ್ತದೆ, ಅಪ್ಪನ ಜೊತೆ ಪಂಚಾಯಿತಿಗೆ ಹೋಗಿ ತುಂಬಿದ ಕಾಗದ. ಟೆಂಪ್ಲೇಟ್ ಎಂದರೆ ಬರುವುದಿಲ್ಲ. ಸರ್ವರ್, ಡಿಸ್ಕ್, ಕ್ಲೌಡ್‌ಗೆ ಚಿತ್ರ ಇದೆ, ಅವು ಹಾಗೇ ಇರುತ್ತವೆ. ಸಂದರ್ಶನಕ್ಕೆ ಬೇಕಾದ ಪದಗಳು ಕೊನೆಯ ಪುಟದಲ್ಲಿ ಜೋಡಿಯಾಗಿ ಇವೆ.

ಇನ್ನು ಒಂದು ಕಡೆ ಸಿಕ್ಕಿಬಿದ್ದಿದ್ದೇನೆ. ಪದ ಅಲ್ಲ, ವಾಕ್ಯ. ನಮೂನೆಯಲ್ಲಿ ಎರಡು ಸರ್ವರ್ ಎಂದಿದ್ದರೆ, ಹೂಡುವ ಕಮಾಂಡನ್ನು ಹತ್ತು ಸಲ ಕೊಟ್ಟರೂ ಸರ್ವರ್ ಎರಡೇ. ಮಕ್ಕಳು ಪ್ರತಿ ವರ್ಷ ‘ಎರಡು ಸಲ ಕೊಟ್ಟರೆ ನಾಲ್ಕಾಗಬೇಕಲ್ಲ ಸರ್’ ಎಂದು ಕೇಳುತ್ತಾರೆ. ಅರ್ಧ ಪುಟ ಬರೆದಿದ್ದೇನೆ, ಆದರೂ ಬಿಗಿಯಾಗಿಲ್ಲ.

ಮಣಿಪಾಲದಿಂದ, ಶನಿವಾರ ಮಧ್ಯಾಹ್ನ

ಕೊನೆಯ ಪುಟದ ಜೋಡಿ ಪಟ್ಟಿ ಇದ್ದರೆ ನನಗೆ ತಕರಾರಿಲ್ಲ. ಒಂದು ಮಾತು ಸೇರಿಸಿ: ನಮೂನೆಯಿಂದ ಒಂದು ಸರ್ವರಿನ ಸಾಲು ಅಳಿಸಿ ಮತ್ತೆ ಹೂಡಿದರೆ, ಆ ಸರ್ವರ್ ಹೋಗುತ್ತದೆ. ಹೂಡು ಎಂದರೆ ಬರೀ ಸೇರಿಸುವುದು ಎಂದು ಮಕ್ಕಳು ತಿಳಿಯಬಾರದು. ಮುನ್ನೋಟದ ಕಳೆ ಚಿಹ್ನೆಯನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಉಡುಪಿಯಿಂದ, ಶನಿವಾರ ಮಧ್ಯಾಹ್ನ

ನಮೂನೆಗೆ ನನ್ನ ಒಪ್ಪಿಗೆ ಇಲ್ಲ. ಅಚ್ಚಿನಿಂದ ಬರುವುದೆಲ್ಲ ಒಂದೇ ಥರ ಎಂದವರು ಯಾರು? ಚಕ್ಕುಲಿ ಒರಳಿನ ಬಿಲ್ಲೆ ಬದಲಿಸಿ ನೋಡಿ.

ನಿಮ್ಮ ವಾಕ್ಯಕ್ಕೆ ಅರ್ಧ ಪುಟ ಬೇಡ. ‘ಎರಡು ಸರ್ವರ್ ಮಾಡು’ ಎಂಬುದು ಆಜ್ಞೆ. ಎರಡು ಸಲ ಹೇಳಿದರೆ ನಾಲ್ಕು. ‘ಎರಡು ಸರ್ವರ್ ಇರಲಿ’ ಎಂಬುದು ಬೇರೆ. ಎಷ್ಟು ಸಲ ಹೇಳಿದರೂ ಎರಡು. ಮೂರಿದ್ದರೆ ಒಂದು ಹೋಗಬೇಕು. ಮಣಿಪಾಲದವರ ಮಾತೂ ಇದರಲ್ಲೇ ಬಂತು. ನಿಮ್ಮ ಫೈಲಿನಲ್ಲಿರುವುದೆಲ್ಲ ‘ಇರಲಿ’. ‘ಮಾಡು’ ಅಲ್ಲಿ ಒಂದೂ ಇಲ್ಲ. ಮಕ್ಕಳು ಪ್ರತಿ ಸಾಲನ್ನೂ ‘ಇರಲಿ’ ಸೇರಿಸಿ ಓದಲಿ.

ಮಂಗಳೂರಿನಿಂದ, ಶನಿವಾರ ಸಂಜೆ 5.20

ಮಾಷ್ಟ್ರೇ, ಅರ್ಧ ಪುಟ ತೆಗೆದುಬಿಟ್ಟೆ. ಆರನೇ ಪುಟ ಈಗ ಹೀಗಿದೆ:

‘ನಮೂನೆಯ ಪ್ರತಿ ಸಾಲಿನ ಕೊನೆಗೆ ಇರಲಿ ಎಂದು ಸೇರಿಸಿ ಓದಿ. ಸರ್ವರ್ ಎರಡು ಇರಲಿ. ಊರು ಮುಂಬೈ ಇರಲಿ. ಡಿಸ್ಕ್ 20 ಜಿಬಿ ಇರಲಿ. ಮೊದಲು ಮುನ್ನೋಟ ನೋಡಿ. ಕಳೆ ಚಿಹ್ನೆ ಕಂಡರೆ ಕೈ ಎತ್ತಿ, ನನ್ನನ್ನು ಕರೆಯಿರಿ. ಆಮೇಲೆ ಹೂಡಿ. ಮನೆಗೆ ಹೋಗುವ ಮೊದಲು ಕೀಳಿ.’

ಪ್ರೆಸ್ಸಿನವರಿಗೆ ಪದ ಒಡೆಯಬೇಡಿ ಎಂದು ಎರಡು ಸಲ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ.

ಇನ್ನೊಂದು ಪದ ಉಳಿದಿದೆ, ಅವಸರ ಇಲ್ಲ, ಎರಡನೇ ಭಾಗಕ್ಕೆ ಬೇಕು. ನಮೂನೆಯಲ್ಲಿ ಒಂದು ಇರುತ್ತದೆ, ಯಾರೋ ವೆಬ್ ಪುಟಕ್ಕೆ ಹೋಗಿ ಕೈಯಾರೆ ಏನೋ ಬದಲಿಸಿರುತ್ತಾರೆ. ನಿಧಾನಕ್ಕೆ ಬರೆದದ್ದಕ್ಕೂ ಇದ್ದದ್ದಕ್ಕೂ ಹೊಂದದೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಡ್ರಿಫ್ಟ್. ಲಂಗರು ಹಾಕದ ದೋಣಿ ನೀರಿನ ಸೆಳೆತಕ್ಕೆ ಗೊತ್ತಾಗದ ಹಾಗೆ ಜಾರುತ್ತದಲ್ಲ, ಅದಕ್ಕೆ ಮಲ್ಪೆ ಬಂದರಿನಲ್ಲಿ ಏನೆನ್ನುತ್ತಾರೆ? ನಿಮಗೆ ಆ ಕಡೆ ಹೋಗಲಿಕ್ಕೆ ಇದ್ದರೆ ಕೇಳಿ ಬರೆಯಿರಿ ಮಾಷ್ಟ್ರೇ.