ಕಾರಟಗಿ ಮನೆ ಗುಂಪಿನಲ್ಲಿ ಹೆಡ್‌ಲೈಟ್ ಬಲ್ಬಿನ ಮಾತು

ಕಾಕಾ, ರಾತ್ರಿ 8:41
(ಫಾರ್ವರ್ಡ್ ವಿಡಿಯೊ: 8000ಕೆ ಕ್ಸೆನಾನ್ ಕಿಟ್, ರಾತ್ರಿಯನ್ನೇ ಹಗಲು ಮಾಡುವ ಬೆಳಕು, ಯಾವ ಕಾರಿಗಾದರೂ ಸರಿ)
ಎಲ್ಲರೂ ನೋಡಿ. ಅಣ್ಣನ ಕಾರಿಗೆ ಇದನ್ನೇ ಹಾಕಿಸೋಣ. ಬಲಗಡೆ ಲೈಟು ಗುಲಾಬಿ ಬಣ್ಣಕ್ಕೆ ತಿರುಗಿದೆ. ನಿನ್ನೆ ಗಂಗಾವತಿಯಿಂದ ಬರುವಾಗ ಎರಡು ಸಲ ತಾನೇ ಆರಿತು.

ತಮ್ಮ, 8:43
ಸೂಪರ್ ಕಾಕಾ. ನನ್ನ ಕಾರಿಗೂ ಒಂದು ಜೊತೆ ತರಿಸಿ.

ನಾನು, 8:52
ಕಾಕಾ, ಇನ್ನೂ ಆರ್ಡರ್ ಮಾಡಿಲ್ಲ ತಾನೆ? ಸ್ವಲ್ಪ ತಡೆಯಿರಿ. ಅಪ್ಪಾಜಿ ಕಾರಿಗೆ ಕಿಟ್ ಬೇಕಾಗಿಯೇ ಇಲ್ಲ. ಅದಕ್ಕೆ ಕಂಪನಿಯಿಂದಲೇ ಕ್ಸೆನಾನ್ ಬಂದಿದೆ. ಬಲ್ಬಿಗೆ ವಯಸ್ಸಾಗಿದೆ, ಅಷ್ಟೇ. ಇದು ತಂತಿ ಕಾದು ಉರಿಯುವ ಹಾಲೊಜನ್ ಬಲ್ಬಿನ ಥರ ಪಟ್ ಅಂತ ಸುಟ್ಟು ಹೋಗುವುದು ಕಡಿಮೆ. ಕ್ಸೆನಾನ್ ಒಳಗೆ ತಂತಿಯೇ ಇರುವುದಿಲ್ಲ. ಎರಡು ಕಡ್ಡಿಗಳ ನಡುವೆ ಕಿಡಿ ಹೊತ್ತಿ ಉರಿಯುತ್ತದೆ. ಹಳೆಯದಾದಾಗ ಮೊದಲು ಬಣ್ಣ ಗುಲಾಬಿಯಾಗುತ್ತದೆ. ಆಮೇಲೆ ನಡುವೆ ಆರುತ್ತದೆ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಹತ್ತುತ್ತದೆ. ನಿಮಗೂ ಹಾಗೇ ಆಯಿತು ಅಲ್ವಾ?

ಕಾಕಾ, 8:55
ಹೌದಪ್ಪ, ಹಾಗೇ ಆಯಿತು. ಆದರೆ ಹೊಸದು ಹಾಕುವುದೇ ಆದರೆ ಬೆಳಕು ಜಾಸ್ತಿ ಇರುವುದನ್ನು ಹಾಕಬೇಕು. ಇದರಲ್ಲಿ 8000 ಇದೆ. ನಮ್ಮದರಲ್ಲಿ ಎಷ್ಟು?

ನಾನು, 9:04
ಎಲ್ಲರೂ ಎಡವುವುದು ಇಲ್ಲೇ ಕಾಕಾ. 8000ಕೆ ಅನ್ನುವುದು ಬೆಳಕು ಎಷ್ಟಿದೆ ಅಂತ ಹೇಳುವುದಿಲ್ಲ. ಬಣ್ಣ ಯಾವುದು ಅಂತ ಹೇಳುತ್ತದೆ. ಕೆ ಅಂದರೆ ಕೆಲ್ವಿನ್. ಬೆಳಕಿನ ಅಳತೆ ಲ್ಯೂಮೆನ್. ನಮ್ಮ ಕಾರಿನ ಬಲ್ಬ್ 35 ವಾಟ್. ಹೊಸದಿದ್ದಾಗ ಸುಮಾರು 3200 ಲ್ಯೂಮೆನ್ ಕೊಡುತ್ತದೆ. ಬಣ್ಣ 4300ಕೆ ಆಸುಪಾಸು. 55 ವಾಟಿನ ಎಚ್7 ಹಾಲೊಜನ್ ಕೊಡುವುದು ಸುಮಾರು 1500 ಲ್ಯೂಮೆನ್. ಅಂದರೆ ನಮ್ಮ ಮನೆಯ ಕಾರಿನಲ್ಲಿ ಈಗಾಗಲೇ ಅದರ ಎರಡು ಪಟ್ಟು ಬೆಳಕಿದೆ. 4300 ದಾಟಿ ನೀಲಿ ಕಡೆಗೆ ಹೋದಷ್ಟೂ ಲ್ಯೂಮೆನ್ ಇಳಿಯುತ್ತದೆ. 8000ಕೆ ಅಂದರೆ ನೀಲಿ ಬೆರೆತ ಬಿಳಿ. ದುಡ್ಡು ಕೊಟ್ಟು ಬೆಳಕು ಕಡಿಮೆ ಮಾಡಿಕೊಂಡಂತೆ.

ತಮ್ಮ, 9:06
ಆದರೂ ಅಣ್ಣಾ, ನೀಲಿ ಲೈಟು ಎದುರಿಗೆ ಬಂದರೆ ಎಷ್ಟು ಜೋರಾಗಿ ಕಾಣುತ್ತದೆ!

ನಾನು, 9:15
ಎದುರಿಗಿದ್ದವನಿಗೆ ಜೋರು. ಒಳಗೆ ಕೂತು ಓಡಿಸುವವನಿಗೆ ಅಲ್ಲ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಮೂರು ವರ್ಷದ ಹಿಂದೆ ನನ್ನ ಹಳೇ ಕಾರಿಗೆ ಒಂದು ಅಂಗಡಿಯಲ್ಲಿ ನೀಲಿ ಬಲ್ಬ್ ಹಾಕಿಸಿದ್ದೆ. ಊರೊಳಗೆ ಚಂದ ಕಂಡಿತು. ಬಳ್ಳಾರಿಗೆ ಹೋಗುವಾಗ ಕಂಪ್ಲಿ ಸೇತುವೆ ದಾಟಿದ ಮೇಲೆ ಮಳೆ ಹಿಡಿಯಿತು. ಒದ್ದೆ ಡಾಂಬರು ಬೆಳಕನ್ನೆಲ್ಲ ನುಂಗಿಬಿಟ್ಟಿತು. ಮಳೆ ಹನಿ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು, ರಸ್ತೆ ಅಂಚು ಕಾಣಲೇ ಇಲ್ಲ. ಎಡಕ್ಕೆ ಕುರಿ ಹಿಂಡು ನಿಂತಿತ್ತು. ಕುರಿಯವನ ಕಂಬಳಿ ಕಣ್ಣಿಗೆ ಬಿದ್ದಾಗ ಹತ್ತು ಹೆಜ್ಜೆ ದೂರ ಇತ್ತು. ಬ್ರೇಕ್ ಹಿಡಿಯಿತು, ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಅವ್ವ ಮಲಗಿದ್ದಳು. ಮಾರನೆಯ ದಿನವೇ ಆ ಬಲ್ಬ್ ತೆಗೆಸಿದೆ. ಅವ್ವನಿಗೆ ಈ ವಿಷಯ ಇವತ್ತೇ ಗೊತ್ತಾಗುತ್ತಿದೆ.

ಸಿಂಧನೂರು ಮಾಮಾ, 9:21
ನಾನು ಸುಮ್ನೆ ಓದುತ್ತಿದ್ದೆ. ಈಗ ಒಂದು ಮಾತು ಹೇಳುತ್ತೇನೆ. ಭತ್ತದ ಸುಗ್ಗಿಯಲ್ಲಿ ಸಿಂಧನೂರು ಗಂಗಾವತಿ ರಸ್ತೆ ಹೇಗಿರುತ್ತದೆ ನಿಮಗೆಲ್ಲ ಗೊತ್ತು. ಹುಲ್ಲು ಹೇರಿದ ಟ್ರ್ಯಾಕ್ಟರ್, ಹಿಂದೆ ಒಂದು ಕೆಂಪು ದೀಪ ಕೂಡ ಇರುವುದಿಲ್ಲ. ಎದುರಿನಿಂದ ಒಬ್ಬ ಈ ಥರ ಕಣ್ಣು ಕುಕ್ಕುವ ಲೈಟು ಹಾಕಿಕೊಂಡು ಬಂದ ಅಂದರೆ ನಾಲ್ಕೈದು ಸೆಕೆಂಡ್ ನನಗೆ ಏನೂ ಕಾಣುವುದಿಲ್ಲ. ಡಿಪ್ಪರ್ ಹೊಡೆದರೆ ಅವನು ಡಿಮ್ ಮಾಡಿಯೇ ಇರುತ್ತಾನೆ! ಡಿಮ್ಮಿನಲ್ಲೇ ಕಣ್ಣಿಗೆ ಹೊಡೆಯುತ್ತದೆ. ನನ್ನದು ಅರವತ್ತು ದಾಟಿದ ಕಣ್ಣು. ನಮ್ಮ ಮನೆಯ ಕಾರು ಇನ್ನೊಬ್ಬರಿಗೆ ಹಾಗೆ ಮಾಡುವುದು ಬೇಡ.

ಬಳ್ಳಾರಿ ಅಕ್ಕ, 9:24
ಮಾಮಾ ಹೇಳಿದ್ದು ಸರಿ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಇಂಥ ಲೈಟುಗಳ ಮೇಲೆ ಕೇಸು ಹಾಕಲು ಶುರು ಮಾಡಿದ್ದಾರೆ. ಸರಿ, ಯಾವುದು ತರಬೇಕು ಅಂತ ನೇರವಾಗಿ ಹೇಳು. ಅರ್ಧ ದುಡ್ಡು ನನ್ನದು.

ನಾನು, 9:36
ಅಕ್ಕಾ, ಈಗಷ್ಟೇ ಬಾನೆಟ್ ಎತ್ತಿ ನೋಡಿ ಬಂದೆ. ಬಲ್ಬಿನ ಬುಡದಲ್ಲಿ ಡಿ3ಎಸ್ ಅಂತ ಬರೆದಿದೆ. ಅದನ್ನೇ ತರಬೇಕು, ಒಂದಕ್ಷರವೂ ಬದಲಾಗಬಾರದು. ಎಸ್ ಅಂದರೆ ಒಳಗೆ ಉಂಡೆ ಗಾಜು ಇರುವ ಪ್ರೊಜೆಕ್ಟರ್ ದೀಪಕ್ಕೆ. ಆರ್ ಅಂತ ಇದ್ದರೆ ಕನ್ನಡಿ ಥರದ ರಿಫ್ಲೆಕ್ಟರ್ ದೀಪಕ್ಕೆ. ಅದರ ಗಾಜಿನ ಮೇಲೆ ಕಪ್ಪು ಪಟ್ಟಿ ಬಳಿದಿರುತ್ತಾರೆ.

ಅಂಗಡಿಯವರು ಡಿ1ಎಸ್ ಕೊಟ್ಟು ಎರಡೂ ಒಂದೇ ಅನ್ನಬಹುದು. ನೋಡಲು ಎರಡೂ ಒಂದೇ ಥರ ಇವೆ, ಕಿಡಿ ಹೊತ್ತಿಸುವ ಡಬ್ಬಿ ಎರಡರಲ್ಲೂ ಬಲ್ಬಿಗೇ ಅಂಟಿಕೊಂಡಿದೆ. ಆದರೆ ಡಿ1 ಉರಿಯುವುದು 85 ವೋಲ್ಟಿನಲ್ಲಿ, ಡಿ3 ಉರಿಯುವುದು 42 ವೋಲ್ಟಿನಲ್ಲಿ. ಡಿ3ಯಲ್ಲಿ ಪಾದರಸ ಇಲ್ಲ, ಅದಕ್ಕೇ ಆ ವ್ಯತ್ಯಾಸ. ಬಲವಂತವಾಗಿ ತುರುಕಿದರೆ ಬ್ಯಾಲಸ್ಟ್, ಅಂದರೆ ಬಲ್ಬಿಗೆ ಕರೆಂಟ್ ಹದ ಮಾಡಿ ಕೊಡುವ ಪೆಟ್ಟಿಗೆ, ಹೋಗಬಹುದು. ಬ್ಯಾಲಸ್ಟ್ ಹೋದರೆ ಬಲ್ಬಿಗಿಂತ ದೊಡ್ಡ ಖರ್ಚು.

ಕಂಪನಿ ಫಿಲಿಪ್ಸ್ ಅಥವಾ ಒಸ್ರಾಮ್, ಬಣ್ಣ ಮಾಮೂಲಿ 4300ಕೆ ಆಸುಪಾಸಿನದು. ಹೆಸರಿಲ್ಲದ ಅಗ್ಗದ ಬಲ್ಬ್ ಬೇಡ.

ಕಾಕಾ, 9:40
ಆಯಿತು, ಕಿಟ್ ಬಿಡೋಣ. ಆದರೆ ಬಲಗಡೆಯದು ಒಂದೇ ಕೆಟ್ಟಿದೆ. ಎಡಗಡೆಯದು ಗಟ್ಟಿಯಾಗಿಯೇ ಇದೆ. ಒಂದು ತಂದರೆ ಸಾಕಲ್ಲ? ಈ ಬಲ್ಬ್ ಏನು ಅಗ್ಗವೇ?

ನಾನು, 9:46
ಅಗ್ಗ ಅಲ್ಲ ಕಾಕಾ, ಒಪ್ಪುತ್ತೇನೆ. ಆದರೆ ಎರಡೂ ಒಂದೇ ದಿನದಿಂದ ಉರಿಯುತ್ತಿವೆ. ಇವುಗಳ ಆಯಸ್ಸು ಎರಡು ಮೂರು ಸಾವಿರ ಗಂಟೆ. ಎಡಗಡೆಯದೂ ಮಂಕಾಗಿದೆ, ಪಕ್ಕದಲ್ಲಿ ಇನ್ನೂ ಕೆಟ್ಟದ್ದು ಇರುವುದರಿಂದ ಚೆನ್ನಾಗಿ ಕಾಣುತ್ತದೆ. ಒಂದನ್ನೇ ಬದಲಿಸಿದರೆ ಒಂದು ಕಡೆ ಬಿಳಿ, ಒಂದು ಕಡೆ ಬೇರೆ ಬಣ್ಣ. ರಸ್ತೆಯ ಅರ್ಧ ಭಾಗ ಮಂಕು. ಅದೂ ಎಡಗಡೆ. ನಡೆದು ಹೋಗುವವರು, ಸೈಕಲ್ಲಿನವರು, ಎತ್ತಿನ ಬಂಡಿ, ಎಲ್ಲ ಇರುವುದು ಎಡಗಡೆಯೇ.

ಬಳ್ಳಾರಿ ಅಕ್ಕ, 9:47
ಎರಡೂ ತರಿಸಿ. ಈ ಚರ್ಚೆ ಸಾಕು ಕಾಕಾ.

ತಮ್ಮ, 9:49
ತರಿಸಿದರೆ ನಾನೇ ಹಾಕುತ್ತೇನೆ. ವೈರಿಂಗ್ ಅಂಗಡಿಗೆ ಯಾಕೆ ಕೂಲಿ ಕೊಡುವುದು?

ನಾನು, 9:58
ತಮ್ಮಾ, ಇದೊಂದು ವಿಷಯದಲ್ಲಿ ನನ್ನ ಮಾತು ಕೇಳು. ಕಿಡಿ ಹೊತ್ತುವ ಆ ಕ್ಷಣಕ್ಕೆ ಅದರೊಳಗೆ 20,000 ವೋಲ್ಟಿಗೂ ಜಾಸ್ತಿ ಇರುತ್ತದೆ. ಲೈಟ್ ಸ್ವಿಚ್ ಆಫ್, ಕೀಲಿ ಹೊರಗೆ, ಬ್ಯಾಟರಿಯ ಮೈನಸ್ ವೈರು ಬಿಚ್ಚಿರಬೇಕು, ಬಲ್ಬ್ ತಣ್ಣಗಾಗಿರಬೇಕು. ಗಾಜು ಬೆರಳಿಗೆ ತಾಗಬಾರದು. ಎಣ್ಣೆ ಅಂಟಿದ ಕಡೆ ಗಾಜು ಸುಡುತ್ತದೆ. ಶನಿವಾರ ಇಬ್ಬರೂ ಸೇರಿ ಮಾಡೋಣ.

ದುಡ್ಡು ಕೊಡುವ ಮೊದಲು ಇನ್ನೊಂದು ಪರೀಕ್ಷೆ. ನಾಳೆ ನಾನು ವೈರಿಂಗ್ ಅಂಗಡಿಯಲ್ಲಿ ಎಡ ಬಲ್ಬ್ ಬಲಕ್ಕೆ, ಬಲ ಬಲ್ಬ್ ಎಡಕ್ಕೆ ಹಾಕಿಸಿ ನೋಡುತ್ತೇನೆ. ಆರುವ ರೋಗ ಬಲ್ಬಿನ ಜೊತೆ ಎಡಕ್ಕೆ ಬಂದರೆ ಬಲ್ಬೇ ಕೆಟ್ಟಿದೆ. ಬಲಗಡೆಯೇ ಉಳಿದರೆ ಬ್ಯಾಲಸ್ಟ್ ಅಥವಾ ವೈರಿನ ತೊಂದರೆ. ಆಗ ಹೊಸ ಬಲ್ಬ್ ಹಾಕಿದರೂ ಆರುತ್ತದೆ. ಗುಲಾಬಿ ಬಣ್ಣ ನೋಡಿದರೆ ಬಲ್ಬೇ ಅಂತ ನನಗೆ ಅನಿಸುತ್ತದೆ.

ತಮ್ಮ, 10:02
ಸರಿ ಅಣ್ಣಾ. ನನ್ನ ಕಾರಿಗಾದರೂ ಆ ಕಿಟ್ ತರಿಸಲೇ? ನನ್ನದು ಎಚ್4 ಹಾಲೊಜನ್. ನಿಜವಾಗಲೂ ಬೆಳಕು ಸಾಲುವುದಿಲ್ಲ.

ನಾನು, 10:11
ಅದಕ್ಕೆ ಹಾಕುವುದಂತೂ ಬೇಡವೇ ಬೇಡ. ಮಾಮಾ ಹೇಳಿದ ಡಿಮ್ಮಿನಲ್ಲೇ ಕಣ್ಣು ಕುಕ್ಕುವ ಕಾರು ಇದೇ. ನಿನ್ನ ದೀಪದ ಕನ್ನಡಿಯನ್ನು ಸಣ್ಣ ತಂತಿಯ ಲೆಕ್ಕಕ್ಕೆ ಮಾಡಿರುತ್ತಾರೆ. ಡಿಮ್ಮಿನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇದೆ, ಬೆಳಕು ಮೇಲಕ್ಕೆ ಹೋಗದಂತೆ ತಡೆಯುವುದು ಅದೇ. ಅಲ್ಲಿ ಬೇರೆ ಆಕಾರದ ಬಲ್ಬ್ ಕೂರಿಸಿದರೆ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. 100 ವಾಟಿನ ಬಲ್ಬೂ ಬೇಡ, ವೈರು, ಹೋಲ್ಡರ್ ಕರಗುತ್ತವೆ. ಒಳ್ಳೆಯ ಕಂಪನಿಯ 60/55 ವಾಟಿನ ಬಲ್ಬ್ ಹಾಕು. ಅದಕ್ಕಿಂತ ಮೊದಲು ಹೆಡ್‌ಲೈಟ್ ಗಾಜು ಉಜ್ಜಿಸು. ನೀನು ದಿನಾ ಓಡಾಡುವ ತೋರಣಗಲ್ಲು ಸಂಡೂರು ರಸ್ತೆಯ ಕೆಂಪು ದೂಳು ಅದರ ಮೇಲೆ ಕೂತಿದೆ, ಪ್ಲಾಸ್ಟಿಕ್ ಹಳದಿಯಾಗಿದೆ. ಅರ್ಧ ಬೆಳಕು ಅಲ್ಲೇ ಸಾಯುತ್ತಿದೆ.

ತಮ್ಮ, 10:13
ಉಜ್ಜಿಸುತ್ತೇನೆ. ಆಮೇಲೂ ಸಾಲದಿದ್ದರೆ ಮತ್ತೆ ಕೇಳುತ್ತೇನೆ.

ನಾನು, 10:14
ಕೇಳು. ಒಟ್ಟಿಗೆ ಹೋಗಿ ನೋಡೋಣ.

ಕಾಕಾ, 10:17
ವಿಡಿಯೊ ಅಳಿಸಿದ್ದೇನೆ. ಮಿಲ್ಲಿನ ಗುಂಪಿಗೂ ಕಳಿಸಿದ್ದೆ, ಅಲ್ಲಿಯೂ ಅಳಿಸಿದೆ. ನೀನು ಬರೆದದ್ದನ್ನು ಅಲ್ಲಿಗೆ ಹಾಕಲೇ?

ನಾನು, 10:19
ಹಾಕಿ ಕಾಕಾ. ಕುರಿ ಹಿಂಡಿನ ವಿಷಯವನ್ನೂ ಸೇರಿಸಿ.

ಸಿಂಧನೂರು ಮಾಮಾ, 10:20
ಹಾಕಿದ ಮೇಲೆ ಎತ್ತರ ಸರಿ ಇದೆಯಾ ನೋಡಿ. ಅದನ್ನು ಯಾರೂ ನೋಡುವುದಿಲ್ಲ.

ನಾನು, 10:25
ನೋಡುತ್ತೇನೆ ಮಾಮಾ. ಮಿಲ್ಲಿನ ಹಿಂದಿನ ಗೋಡೆ ಮುಂದೆ ಹತ್ತು ಮೀಟರ್ ದೂರ ಕಾರು ನಿಲ್ಲಿಸುತ್ತೇನೆ. ನೆಲ ಅಲ್ಲಿ ಮಟ್ಟಸವಾಗಿದೆ. ಡಿಮ್ಮಿನ ಬೆಳಕಿನ ಗೆರೆ ದೀಪದ ಎತ್ತರಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗೆ ಬೀಳಬೇಕು. ಕಾಕಾ, ಡಿಕ್ಕಿಯಲ್ಲಿ ಅಕ್ಕನಿಗೆ ಕೊಡಬೇಕಾದ ಅಕ್ಕಿ ಚೀಲ ಎರಡು ಹಾಗೇ ಇವೆ. ಶನಿವಾರದ ಹೊತ್ತಿಗೆ ಇಳಿಸಿಡಿ. ಹಿಂದೆ ಭಾರ ಇದ್ದರೆ ಮುಂದಿನ ಮೂತಿ ಮೇಲೇಳುತ್ತದೆ, ಅಳತೆ ತಪ್ಪುತ್ತದೆ.

ಬಳ್ಳಾರಿ ಅಕ್ಕ, 10:26
ಇಳಿಸಿ, ಆದರೆ ಭಾನುವಾರ ಬರುವಾಗ ಮತ್ತೆ ಹೇರಿಕೊಂಡು ಬನ್ನಿ. ಹಗಲಲ್ಲೇ ಬನ್ನಿ.