ಕ್ಲೌನ್ ಮೀನಿನ ಮೈಮೇಲೆ ಬಿಳಿ ಪೊರೆ: ತಾಮ್ರದ ಔಷಧ ಹಾಕಬಹುದೇ?

ಪ್ರಶ್ನೆ (ಕುವೆಂಪುನಗರ, ಮೈಸೂರು)

ನಮ್ಮ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಎಂಟು ದಿನಗಳ ಹಿಂದೆ ಬೆಂಗಳೂರಿನಿಂದ ಒಂದು ಜೋಡಿ ಕ್ಲೌನ್ ಮೀನು ತಂದು ನೇರವಾಗಿ ಅದರಲ್ಲೇ ಬಿಟ್ಟೆ. ಮೊನ್ನೆಯಿಂದ ದೊಡ್ಡದು ಆಹಾರ ಮುಟ್ಟುತ್ತಿಲ್ಲ. ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದುಕೊಂಡೇ ಇರುತ್ತದೆ. ತಲೆಯ ಹಿಂದಿನ ಕಿತ್ತಳೆ ಬಣ್ಣ ಮಂಕಾಗಿ, ಅಲ್ಲಿಂದ ಹಾಲಿನ ಕೆನೆ ಹರಿದಂತೆ ಬಿಳಿ ಎಳೆಗಳು ಜೋತುಬಿದ್ದಿವೆ. ಅಂಗಡಿಯವರು ಫೋನಿನಲ್ಲಿ ಇದು ಬಿಳಿ ಚುಕ್ಕೆ ರೋಗ, ತಾಮ್ರದ ಔಷಧ ಹಾಕಿ ಎಂದರು. ಟ್ಯಾಂಕಿನಲ್ಲಿ ಲೈವ್ ರಾಕ್ (ಸೂಕ್ಷ್ಮಜೀವಿಗಳಿರುವ ಸಮುದ್ರದ ಕಲ್ಲು) ಮತ್ತು ಎರಡು ಸೀಗಡಿ ಇರುವುದರಿಂದ ಧೈರ್ಯ ಬರುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಮಂಡ್ಯ)

ಸರ್, ತಾಮ್ರ ಹಾಕಬೇಡಿ. ಸೀಗಡಿಗಳು ಸಾಯುತ್ತವೆ, ಕಲ್ಲು ತಾಮ್ರವನ್ನು ಹೀರಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀವು ಹೇಳುತ್ತಿರುವ ಲಕ್ಷಣಗಳು ಬಿಳಿ ಚುಕ್ಕೆಯವಲ್ಲ. ಬಿಳಿ ಚುಕ್ಕೆ ರೋಗದಲ್ಲಿ ಉಪ್ಪಿನ ಹರಳು ಅಂಟಿಸಿದಂತೆ ಬಿಡಿಬಿಡಿ ಚುಕ್ಕೆಗಳಿರುತ್ತವೆ, ಕೆಲವು ದಿನಗಳಲ್ಲಿ ಉದುರಿ ವಾಸಿಯಾದಂತೆ ಕಂಡು ಮತ್ತೆ ಹೆಚ್ಚಾಗಿ ಮರಳುತ್ತವೆ. ಪೊರೆಯಂತೆ ಲೋಳೆ ಸುಲಿದು ಬರುವುದು ಹೆಚ್ಚಾಗಿ ಬ್ರೂಕ್ಲಿನೆಲ್ಲಾ ಎಂಬ ಏಕಕೋಶ ಪರಾವಲಂಬಿಯಿಂದ; ಕ್ಲೌನ್ ಮೀನುಗಳನ್ನು ಬಹಳವಾಗಿ ಕಾಡುವುದರಿಂದ ಇದಕ್ಕೆ ಕ್ಲೌನ್ ಮೀನಿನ ರೋಗವೆಂದೇ ಹೆಸರು. ಇದು ಮೊದಲು ಕಿವಿರನ್ನು ಹಿಡಿಯುತ್ತದೆ, ಆದ್ದರಿಂದಲೇ ಚರ್ಮದ ಮೇಲೆ ಏನೂ ಕಾಣುವ ಮೊದಲೇ ಉಸಿರಾಟ ಏರುತ್ತದೆ. ಮೀನಿನ ಮೈಮೇಲೆಯೇ ಒಂದು ಎರಡಾಗಿ ಹೆಚ್ಚುವುದರಿಂದ ಎರಡು ಮೂರು ದಿನಗಳಲ್ಲಿ ಮೀನು ಹೋಗಿಬಿಡಬಹುದು. ತಾಮ್ರಕ್ಕೆ ಇದು ಬಗ್ಗುವುದಿಲ್ಲ.

ಎರಡೂ ಮೀನುಗಳನ್ನು ಇಂದೇ ಕಲ್ಲು, ಮರಳು ಯಾವುದೂ ಇಲ್ಲದ ಬೇರೆ ಟ್ಯಾಂಕಿಗೆ ತೆಗೆಯಿರಿ. ಬೇರೆ ಬಕೆಟ್ಟಿನಲ್ಲಿ ಅದೇ ಉಷ್ಣತೆಯ, ಅದೇ ಉಪ್ಪಿನಂಶದ 10 ಲೀಟರ್ ನೀರಿಗೆ 37 ಶೇಕಡಾ ಫಾರ್ಮಲಿನ್ (ಫಾರ್ಮಾಲ್ಡಿಹೈಡ್ ಕರಗಿಸಿದ ದ್ರಾವಣ) 1.5 ಮಿಲಿ ಬೆರೆಸಿ, ಗಾಳಿಗುಳ್ಳೆ ಬಿಡುವ ಏರ್ ಸ್ಟೋನನ್ನು ಜೋರಾಗಿ ಬಿಟ್ಟು, 30ರಿಂದ 45 ನಿಮಿಷ ಮೀನನ್ನು ಇಡಿ. ಫಾರ್ಮಲಿನ್ ನೀರಿನ ಆಮ್ಲಜನಕವನ್ನು ಕಡಿಮೆ ಮಾಡುವುದರಿಂದ ಗಾಳಿ ಒಂದು ಕ್ಷಣವೂ ನಿಲ್ಲಬಾರದು. ಕರೆಂಟ್ ಹೋಗುವ ಹೊತ್ತಿದ್ದರೆ ಬ್ಯಾಟರಿ ಪಂಪ್ ಸಿದ್ಧವಿರಲಿ. ಮೀನು ವಾಲಿದರೆ ತಕ್ಷಣ ತೆಗೆಯಿರಿ. ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಕಂಡರೆ ಅದನ್ನು ಬಳಸಲೇಬೇಡಿ. ಕೈಗವಸು ಹಾಕಿ, ಕಿಟಕಿ ತೆರೆದು ಕೆಲಸ ಮಾಡಿ.

ಉತ್ತರ 2 (ಸರಸ್ವತಿಪುರಂ, ಮೈಸೂರು)

ಮೇಲಿನವರು ಹೇಳಿದ್ದು ಸರಿ, ಆದರೆ ಫಾರ್ಮಲಿನ್ ಇಂದೇ ಸಿಗದಿದ್ದರೆ ಕೈಕಟ್ಟಿ ಕೂರಬೇಡಿ. ಉಷ್ಣತೆ ಮತ್ತು ಪಿಹೆಚ್ ಹೊಂದಿಸಿದ ಸಿಹಿನೀರಿನಲ್ಲಿ ಮೂರರಿಂದ ಐದು ನಿಮಿಷ ಅದ್ದಿದರೆ ಕೆಲವು ಪರಾವಲಂಬಿಗಳು ಉದುರಿ ಸ್ವಲ್ಪ ಉಸಿರು ಸಿಗುತ್ತದೆ. ಪಿಹೆಚ್ ಏರಿಸಲು ಅಡುಗೆ ಸೋಡಾ ಸಾಕು. ನಲ್ಲಿನೀರಾದರೆ ಕ್ಲೋರಿನ್ ಹೋಗಿರಬೇಕು. ಇದು ಚಿಕಿತ್ಸೆಯಲ್ಲ, ಒಂದು ರಾತ್ರಿ ದೂಡುವ ಉಪಾಯ.

ಇನ್ನೊಂದು ಮಾತು: ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಟ್ಟು ನೋಡಿ. ಮೈಮೇಲೆ ಹೊಂಬಣ್ಣದ ಹಿಟ್ಟು ಉದುರಿಸಿದಂತೆ ಕಂಡರೆ ಅದು ವೆಲ್ವೆಟ್ ರೋಗ. ಅದಕ್ಕೆ ಮಾತ್ರ ಬೇರೆ ಟ್ಯಾಂಕಿನಲ್ಲಿ ತಾಮ್ರವೇ ಬೇಕು, ಟೆಸ್ಟ್ ಕಿಟ್ ಇಲ್ಲದೆ ಅದಕ್ಕೂ ಕೈಹಾಕಬೇಡಿ.

ಪ್ರಶ್ನೆ ಕೇಳಿದವರು, ಐದು ದಿನಗಳ ನಂತರ

ಟಾರ್ಚಿನಲ್ಲಿ ಹೊಂಬಣ್ಣ ಕಾಣಲಿಲ್ಲ. ಫಾರ್ಮಲಿನ್ ಸಿಗುವಷ್ಟರಲ್ಲಿ ಮರುದಿನ ಸಂಜೆಯಾಗಿತ್ತು. ದೊಡ್ಡ ಮೀನು ಅಷ್ಟರಲ್ಲೇ ಹೋಯಿತು. ಚಿಕ್ಕದಕ್ಕೆ ದಿನ ಬಿಟ್ಟು ದಿನ ಎರಡು ಸಲ ಸ್ನಾನ ಮಾಡಿಸಿದೆ. ಮೊದಲ ದಿನ ಗಡಿಯಾರ ಹಿಡಿದು ಎಣಿಸಿದಾಗ ಕಿವಿರು ನಿಮಿಷಕ್ಕೆ 130 ಸಲ ಬಡಿಯುತ್ತಿತ್ತು, ಇಂದು ಬೆಳಿಗ್ಗೆ 80ರ ಆಸುಪಾಸಿಗೆ ಇಳಿದಿದೆ. ಮುಖ್ಯ ಟ್ಯಾಂಕಿಗೆ ಅದನ್ನು ಯಾವಾಗ ಬಿಡಬಹುದು?

ಉತ್ತರ 1 (ಮಂಡ್ಯ)

ದೊಡ್ಡದು ಹೋದದ್ದಕ್ಕೆ ಬೇಸರವಾಯಿತು. ಮುಖ್ಯ ಟ್ಯಾಂಕ್ ಕನಿಷ್ಠ ಆರು ವಾರ ಮೀನಿಲ್ಲದೆ ಇರಲಿ. ಸೀಗಡಿಗಳು ಅಲ್ಲೇ ಇರಬಹುದು. ಬಲೆ, ಬಕೆಟ್ಟುಗಳನ್ನು ಎರಡೂ ಕಡೆ ಹಂಚಿಕೊಳ್ಳಬೇಡಿ. ಚಿಕ್ಕದು ಆಹಾರಕ್ಕೆ ಬಾಯಿ ಹಾಕಿತೇ, ಅದನ್ನು ತಿಳಿಸಿ.

ಪ್ರಶ್ನೆ ಕೇಳಿದವರು

ಇದೀಗ ಎರಡು ಆರ್ಟೀಮಿಯಾ (ಮೀನಿಗೆ ಹಾಕುವ ಪುಟ್ಟ ಸೀಗಡಿಯಂಥ ಜೀವಿ) ತಿಂದು, ಮೂರನೆಯದನ್ನು ಉಗುಳಿತು.